ಅಕ್ಕನ ತಲೆಗೂದಲು, ತಂಪು ಟೋಪಿ, ನಮ್ಮ ತಲೆ ಮುಟ್ಟಿದವರ ಚರಿತ್ರೆ

ಇದು ಉದ್ದದ ಪೋಸ್ಟು. ಪುರುಸೊತ್ತು ಮಾಡ್ಕೊಂಡು ಓದಿ. ಹೋರಾಟದ ವರದಿ ಅಲ್ಲ, ಖಂಡನಾ ಹೇಳಿಕೆಯೂ ಅಲ್ಲ. ನಮ್ಮಕ್ಕನಿಗೆ ಸ್ತನ ಕ್ಯಾನ್ಸರ್. ಆಪರೇಷನ್ ಆಗಿದೆ, ಕಿಮೋ ಶುರುವಾಗಿದೆ. ಹೆಸರು, ಊರು ಹಾಕ್ಬೇಡ ಅಂದಿದ್ದಾಳೆ. ಬರೀಬೇಡ ಅಂದಿಲ್ಲ. "ಬರಿ. ಆದ್ರೆ ನನ್ ಫೋಟೋ ಹಾಕಿ ಜನುನ್ನ ಅಳುಸ್ಬೇಡ" ಅಂದ್ಲು. ಹಾಗಾಗಿ ಅಳು ಕಡಿಮೆ, ಚರಿತ್ರೆ ಜಾಸ್ತಿ.

ಅಕ್ಕ ಒಂದು ಹಾಸ್ಟೆಲಿನಲ್ಲಿ ಅಡುಗೆ ಕೆಲಸ ಮಾಡ್ತಾಳೆ. ಹೊರಗುತ್ತಿಗೆ. ಬೆಳಿಗ್ಗೆ ಐದಕ್ಕೆ ಒಲೆ ಮುಂದೆ ನಿಂತ್ರೆ ರಾತ್ರಿ ಒಂಬತ್ತಕ್ಕೆ ಪಾತ್ರೆ ತೊಳೆದು ಮನೆ. ಅವಳಿಗೆ ಇರೋ ಒಂದೇ ಷೋಕಿ ಅಂದ್ರೆ ತಲೆಗೂದಲು. ಸೊಂಟದ ತನಕ. ಭಾನುವಾರ ಸೀಗೆಕಾಯಿ ಹಾಕಿ ತಲೆಗೆ ನೀರು ಹಾಕ್ಕೊಂಡು ಬಿಸಿಲಲ್ಲಿ ಕೂತ್ರೆ ಅವತ್ತು ಅವಳನ್ನ ಯಾರೂ ಮಾತಾಡಿಸಬಾರದು. ನಾನು ಚಿಕ್ಕವನಿದ್ದಾಗಿಂದ ನೋಡಿರೋ ದೃಶ್ಯ ಅದು.

ಆಸ್ಪತ್ರೆಯಲ್ಲಿ ಡಾಕ್ಟರು ಕಿಮೋ ಬಗ್ಗೆ ಹೇಳಿದ್ರು. ವಾಂತಿ ಆಗಬಹುದು, ಸುಸ್ತಾಗುತ್ತೆ, ಜ್ವರ ಬಂದ್ರೆ ತಕ್ಷಣ ಬನ್ನಿ, ಕೂದಲು ಉದುರುತ್ತೆ. ಕೂದಲಿನ ವಿಷಯ ಒಂದೇ ವಾಕ್ಯ. ಹೊರಗೆ ಬೆಂಚಿನ ಮೇಲೆ ಕೂತಿದ್ದಾಗ ಪಕ್ಕದಲ್ಲಿದ್ದ ಒಬ್ಬ ಹೆಂಗಸು, ಬೆಂಗಳೂರಿನ ಯಾವುದೋ ಒಳ್ಳೆ ಲೇಔಟಿನವರು, ಅಕ್ಕನ ಜಡೆ ನೋಡಿ "ನೀವು ಕೂಲಿಂಗ್ ಕ್ಯಾಪ್ ತಗೊಳ್ತೀರಾ? ನಮಗೆ ಡಾಕ್ಟರೇ ಹೇಳಿದ್ರು" ಅಂತ ಕೇಳಿದ್ರು. ಹಂಗಂದ್ರೆ ಏನು ಅಂತಲೇ ನಮಗೆ ಗೊತ್ತಿಲ್ಲ. ಅದೇ ಡಾಕ್ಟರು, ಅದೇ ದಿನ, ಅದೇ ಕೋಣೆ. ಅವರಿಗೆ ಹೇಳಿದ್ದು ನಮಗೆ ಹೇಳಿಲ್ಲ.

ನಾನು ಒಳಗೆ ವಾಪಸ್ ಹೋಗಿ ಕೇಳಿದೆ. "ಅದು ದುಬಾರಿ. ನಿಮ್ಮ ಕಾರ್ಡಲ್ಲಿ ಬರಲ್ಲ. ನಿಮಗ್ಯಾಕೆ ಸುಮ್ನೆ ಗೊಂದಲ ಅಂತ ಹೇಳ್ಲಿಲ್ಲ" ಅಂದ್ರು. ಕೆಟ್ಟ ಮನುಷ್ಯ ಅಲ್ಲ ಅವರು. ನಮ್ಮ ಬಟ್ಟೆ, ಚೀಲ, ಬಿಪಿಎಲ್ ಕಾರ್ಡು ನೋಡಿ ನಮ್ಮ ಪರವಾಗಿ ತಾವೇ ತೀರ್ಮಾನ ಮಾಡಿಬಿಟ್ಟಿದ್ರು, ಅಷ್ಟೇ. ಈ "ಅಷ್ಟೇ" ಎಷ್ಟು ದೊಡ್ಡದು ಅಂತ ನಮ್ಮವರಿಗೆ ವಿವರಿಸಬೇಕಾಗಿಲ್ಲ.

ಆದರೆ ಮರ್ಯಾದೆಯಾಗಿ ಒಪ್ಪಿಕೊಳ್ಳಬೇಕಾದ್ದು ಇನ್ನೊಂದಿದೆ. ಬಸ್ಸಲ್ಲಿ ಬರ್ತಾ ನಾನೂ ಅದನ್ನೇ ಅಂದೆ. "ಬುಡಕ್ಕ, ಕೂದ್ಲು ಹೋದ್ರೆ ಬರುತ್ತೆ. ಮೊದ್ಲು ಜೀವ ಉಳೀಲಿ. ಇದೆಲ್ಲಾ ಶೋಕಿಯವರ ಆಟ." ಅಕ್ಕ ಕಿಟಕಿ ಕಡೆ ನೋಡ್ತಾ ಕೂತಿದ್ಲು. ಒಂದೆರಡು ಸ್ಟಾಪ್ ದಾಟಿದ ಮೇಲೆ ತಿರುಗಿ, "ಲೋ, ಬಾಬಾಸಾಹೇಬ್ರು ಕೋಟು ಯಾಕಾಕ್ಕಂಡ್ರು ಅಂತ ಏಪ್ರಿಲ್ ಹದಿನಾಕು ಬಂದ್ರೆ ಗಂಟೆಗಟ್ಲೆ ಭಾಷಣ ಮಾಡ್ತೀಯಲ್ಲ, ಅದು ಶೋಕಿ ಅಲ್ವಾ?" ಅಂದ್ಲು.

ಮೂವತ್ತು ವರ್ಷದಿಂದ ವೇದಿಕೆ ಹತ್ತಿ ಇಳಿದಿದ್ದೀನಿ. ಇಂಥ ಪ್ರಶ್ನೆ ಯಾವ ಸಭೆಯಲ್ಲೂ ಎದುರಾಗಿರಲಿಲ್ಲ. ನಾನೇ ಹೇಳ್ತಾ ಬಂದ ಮಾತು ಅದು. 1927ರ ಡಿಸೆಂಬರಿನಲ್ಲಿ ಮಹಾಡ್‌ನಲ್ಲಿ ಬಾಬಾಸಾಹೇಬರು ನಮ್ಮ ಹೆಣ್ಣುಮಕ್ಕಳನ್ನು ಸೇರಿಸಿ, ನಿಮ್ಮನ್ನ ನೋಡಿದ ತಕ್ಷಣ ಜಾತಿ ಗೊತ್ತಾಗುವಂತೆ ಸೀರೆ ಉಡುವುದನ್ನು ಬಿಡಿ, ಆ ಭಾರದ ಬಳೆ ಕಡಗ ಬಿಡಿ ಎಂಬ ಅರ್ಥದಲ್ಲಿ ಮಾತಾಡಿದರು. ಹೆಂಗಸರು ಅಲ್ಲೇ ಸೀರೆ ಉಡುವ ರೀತಿ ಬದಲಿಸಿದರು. ಕೆರೆಯ ನೀರಿನಷ್ಟೇ ಮುಖ್ಯ ಅಂತ ಅವರಿಗೆ ಅನ್ನಿಸಿದ್ದು ಸೀರೆಯ ಅಂಚು ಎಲ್ಲಿಯವರೆಗೆ ಇಳೀಬೇಕು ಅನ್ನೋದು. ಮೈ ಮೇಲಿನ ವಿಷಯ ಸಣ್ಣದು ಅಂತ ನಮಗೆ ಹೇಳಿಕೊಟ್ಟವರು ಯಾರು? ನಮ್ಮವರಂತೂ ಅಲ್ಲ.

ಆಮೇಲೆ ನಾನು ಓದೋಕೆ ಕೂತೆ. ಅಕ್ಕನೂ ಕೇಳಿದ್ಲು, "ನೀನು ಪುಸ್ತಕದ ಹುಳ ಅಲ್ವಾ, ನೋಡಿ ಹೇಳು" ಅಂತ. ಎರಡು ಚರಿತ್ರೆ ಒಟ್ಟಿಗೆ ಓದಿದೆ. ಒಂದು ಈ ಯಂತ್ರದ್ದು. ಇನ್ನೊಂದು ನಮ್ಮ ತಲೆಯದ್ದು. ಎರಡನೇದರಿಂದಲೇ ಶುರು ಮಾಡ್ತೀನಿ.

ನಮ್ಮಪ್ಪನ ಕಾಲದಲ್ಲಿ ಊರಿನ ಕ್ಷೌರದ ಕಟ್ಟೆಗೆ ನಮಗೆ ಪ್ರವೇಶ ಇರಲಿಲ್ಲ. ಕೇರಿಯ ಹುಣಸೆಮರದ ಕೆಳಗೆ ನಮ್ಮವರೇ ಒಬ್ಬರಿಗೊಬ್ಬರು ಕತ್ತರಿ ಹಿಡೀತಿದ್ರು. ಕತ್ತರಿ ಸರಿಯಿಲ್ಲ, ಕಿವಿ ಹತ್ರ ಗಾಯ. ನನ್ನ ಬಲಗಿವಿ ಹಿಂದೆ ಇನ್ನೂ ಒಂದು ಗುರುತು ಇದೆ, ಚಿಕ್ಕಪ್ಪನ ಕೈಚಳಕ. ಇದನ್ನೆಲ್ಲಾ ಹಳೇ ಕಥೆ ಅನ್ನೋರಿಗೆ ಎರಡು ಊರಿನ ಹೆಸರು ಹೇಳ್ತೀನಿ. 2020ರಲ್ಲಿ ನಂಜನಗೂಡು ತಾಲೂಕಿನ ಹಲ್ಲರೆಯಲ್ಲಿ ದಲಿತರ ಕೂದಲು ಕತ್ತರಿಸಿದ್ದಕ್ಕೆ ಕ್ಷೌರದಂಗಡಿಯವರಿಗೇ ದಂಡ ಹಾಕಿ ಬಹಿಷ್ಕಾರ ಹಾಕಿದ್ರು ಅಂತ ವರದಿಯಾಯ್ತು. 2024ರ ಆಗಸ್ಟಿನಲ್ಲಿ ಕೊಪ್ಪಳ ಜಿಲ್ಲೆ ಯಲಬುರ್ಗಾ ತಾಲೂಕಿನ ಸಂಗನಾಳದಲ್ಲಿ ಕಟಿಂಗ್ ಮಾಡಿಸಿಕೊಳ್ಳೋಕೆ ಹೋದ ನಮ್ಮ ಹುಡುಗ ಹೆಣವಾದ. ಕತ್ತರಿ ಹಿಡಿದ ಜಗಳ, ಕೊಲೆ ಕೇಸು. ಇಪ್ಪತ್ತಾರು ವರ್ಷದ ಹುಡುಗ. ಕೇಳಿದ್ದು ಒಂದು ಹೇರ್‌ಕಟ್.

ಇಲ್ಲಿ ಒಂದು ಎಚ್ಚರ ಹೇಳಲೇಬೇಕು. ಹಲ್ಲರೆಯಲ್ಲಿ ದಂಡ ತೆತ್ತವರೂ ಕ್ಷೌರಿಕರೇ. ಸವಿತಾ ಸಮಾಜದವರನ್ನ ಊರು ಹೇಗೆ ನಡೆಸಿಕೊಂಡಿದೆ ಅನ್ನೋದಕ್ಕೆ ಅವರ ಕಸುಬಿನ ಹೆಸರೇ ಬೈಗುಳ ಆಗಿರೋದು ಸಾಕ್ಷಿ. ಆ ಪದವನ್ನ ನಮ್ಮ ಹುಡುಗರೂ ಸಲೀಸಾಗಿ ಬಳಸ್ತಾರೆ. ಬಿಡಿ ಅದನ್ನ. ಹನ್ನೆರಡನೇ ಶತಮಾನದಲ್ಲಿ ಬಸವಣ್ಣನ ಬಲಗೈ ಆಗಿದ್ದವರು ಹಡಪದ ಅಪ್ಪಣ್ಣ.

ಇನ್ನು ಬೈಗುಳ ಅಂದಾಗ ನೆನಪಾಯ್ತು. ಕನ್ನಡದಲ್ಲಿ ದಿನಕ್ಕೆ ಹತ್ತು ಸಲ ಕಿವಿಗೆ ಬೀಳೋ ಒಂದು ಬೈಗುಳ ಇದೆ, "ಬೋಳಿ ಮಗ". ಯಾರಾದ್ರೂ ಅದರ ಅರ್ಥ ಯೋಚನೆ ಮಾಡಿದ್ದೀರಾ? ಬೋಳಿ ಅಂದ್ರೆ ತಲೆ ಬೋಳಿಸಿದ ವಿಧವೆ. ಅವಳಿಗೆ ಮಗ ಹುಟ್ಟಿದ ಅಂದ್ರೆ ಅವನು ಅಡ್ಡದಾರೀಲಿ ಹುಟ್ಟಿದವನು ಅನ್ನೋ ಹೀಯಾಳಿಕೆ. ಹೆಣ್ಣಿನ ತಲೆ ಬೋಳಿಸಿದ್ದು ಯಾರು? ಗಂಡ ಸತ್ತ ಎಂಟು ಹತ್ತು ವರ್ಷದ ಮಕ್ಕಳ ತಲೆ ಬೋಳಿಸಿ, ಕೆಂಪು ಸೀರೆ ಸುತ್ತಿ ಕತ್ತಲೆ ಕೋಣೆಗೆ ತಳ್ಳಿದ್ದು ಬ್ರಾಹ್ಮಣ ಮನೆಗಳು. ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' ಓದಿದವರಿಗೆ, ಪ್ರೇಮಾ ಕಾರಂತರ ಸಿನಿಮಾ ನೋಡಿದವರಿಗೆ ಗೊತ್ತು. ಕಾಸರವಳ್ಳಿಯವರ 'ಘಟಶ್ರಾದ್ಧ'ದ ಕೊನೆಯಲ್ಲಿ ಯಮುನಕ್ಕನ ತಲೆ ನೆನಪಿಸಿಕೊಳ್ಳಿ.

ನಮ್ಮ ಕೇರಿಗಳಲ್ಲಿ ಅದು ಇರಲಿಲ್ಲ. ಗಂಡ ಸತ್ತವಳಿಗೆ ಸೀರುಡಿಕೆ ಇತ್ತು, ಕೂಡಿಕೆ ಇತ್ತು. ನಮ್ಮಜ್ಜಿಯೇ ಕೂಡಿಕೆಯಾದವಳು, ಕೊನೆತನಕ ತುರುಬು ಕಟ್ಟಿದವಳು. ಆದರೂ ಬೈಗುಳ ಮಾತ್ರ ಎಲ್ಲರ ಮನೆಗೂ ಬಂತು. ಪದ್ಧತಿ ಅವರದು, ಅವಮಾನ ಎಲ್ಲರಿಗೂ ಹಂಚಿಕೆ. ಅಕ್ಕ ಹೆದರಿದ್ದು ಈ ಪದಕ್ಕೇ. "ಕಾಯಿಲೆಗೆ ಹೆದರಲ್ಲ ಕಣೋ. ಆ ವಾರ್ಡನ್ನು, ಆ ಕಂಟ್ರಾಕ್ಟರು, ಬೀದೀಲಿ ಹೋಗೋರು, ಯಾರೋ ಒಬ್ರು ಬಾಯ್ ತಪ್ಪಿನಾದ್ರೂ ಬೋಳಿ ಅಂದ್ರೆ?" ಅಂದಿದ್ಲು.

ತಲೆ ಬೋಳಿಸುವುದರ ವಿರುದ್ಧ ನಡೆದ ಒಂದು ಹೋರಾಟವನ್ನ ನಮ್ಮ ಶಾಲೆಯ ಪುಸ್ತಕಗಳು ಸರಿಯಾಗಿ ಹೇಳೋದೇ ಇಲ್ಲ. 1890ರಲ್ಲಿ ಮುಂಬೈನಲ್ಲಿ ಕ್ಷೌರಿಕರು ಸಭೆ ಸೇರಿ, ಇನ್ಮೇಲೆ ನಾವು ವಿಧವೆಯರ ತಲೆ ಬೋಳಿಸುವುದಿಲ್ಲ ಅಂತ ತೀರ್ಮಾನ ಮಾಡಿದರು. ಹಿಂದೆ ಇದ್ದದ್ದು ನಾರಾಯಣ ಮೇಘಾಜಿ ಲೋಖಂಡೆ. ಜೋತಿಬಾ ಫುಲೆಯವರ ಸತ್ಯಶೋಧಕ ಸಮಾಜದವರು, 'ದೀನಬಂಧು' ಪತ್ರಿಕೆ ನಡೆಸಿದವರು, ಗಿರಣಿ ಕಾರ್ಮಿಕರ ಸಂಘ ಕಟ್ಟಿದವರು. ನೋಡಿ ಇದರ ಚೆಂದ. ತಲೆ ಕೊಡಬೇಕಾಗಿದ್ದ ಹೆಣ್ಣಿಗೆ ಬೇಡ ಅನ್ನೋ ಹಕ್ಕಿರಲಿಲ್ಲ. ಕತ್ತಿ ಹಿಡಿದವನಿಗೆ ಇತ್ತು. ಅವನು ಅವಳ ಪರವಾಗಿ ಬೇಡ ಅಂದ. ಮುಷ್ಕರಗಳ ಚರಿತ್ರೆಯಲ್ಲಿ ತಮ್ಮ ಕೂಲಿಗಲ್ಲದೆ ಬೇರೆಯವರ ತಲೆಗೂದಲಿಗಾಗಿ ನಡೆದ ಮುಷ್ಕರ ಇನ್ನೊಂದು ನನಗೆ ಸಿಕ್ಕಿಲ್ಲ.

ನಮ್ಮ ಹೆಣ್ಣುಮಕ್ಕಳ ತಲೆ ಮೇಲೆ ಬೇರೆ ಥರದ ಹಿಡಿತ ಇತ್ತು. ಕೂದಲು ಗಂಟುಕಟ್ಟಿ ಜಡೆ ಬಿದ್ದರೆ ಎಲ್ಲಮ್ಮ ಕರೆದಳು ಅಂತ ಮುತ್ತು ಕಟ್ಟಿಬಿಡೋರು. ಒಂದು ಬಾಚಣಿಗೆ, ಸ್ವಲ್ಪ ಎಣ್ಣೆ ಇದ್ದಿದ್ರೆ ಬಿಡಿಸಬಹುದಾಗಿದ್ದ ಗಂಟಿಗೆ ಒಂದು ಜೀವಮಾನ ಬಲಿ. 1982ರಲ್ಲಿ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆ ಬಂತು. ಸವದತ್ತಿ ಕಡೆ ಸಂಗಾತಿಗಳು ಜಡೆ ಬಿಡಿಸೋ, ಕತ್ತರಿಸೋ ಕೆಲಸ ಎಷ್ಟೋ ವರ್ಷ ಮಾಡಿದರು. ಕತ್ತರಿ ಹಾಕೋಕೆ ಮುಂಚೆ ಆ ತಾಯಂದಿರು ನಡುಗುತ್ತಿದ್ದದ್ದನ್ನ ಅವರು ಹೇಳ್ತಿದ್ರು. ಅಂದ್ರೆ ಕೂದಲು ಇಟ್ಟುಕೊಳ್ಳೋದು ಯಾವಾಗಲೂ ಗೆಲುವಲ್ಲ, ಕತ್ತರಿಸೋದು ಯಾವಾಗಲೂ ಸೋಲಲ್ಲ. ಯಾರು ತೀರ್ಮಾನ ಮಾಡ್ತಾರೆ ಅನ್ನೋದೇ ಪ್ರಶ್ನೆ.

ಇನ್ನೊಂದು ಸಣ್ಣ ವಿಷಯ. ಕೇರಿಗೆ ಸೈಕಲ್ಲಲ್ಲಿ ಬರ್ತಾರಲ್ಲ, ಉದುರಿದ ಕೂದಲಿಗೆ ಸ್ಟೀಲ್ ಪಾತ್ರೆ ಕೊಡೋರು, ಆ ಕೂದಲು ಎಲ್ಲಿಗೆ ಹೋಗುತ್ತೆ ಗೊತ್ತಾ? ಕೊಪ್ಪಳದ ಪಕ್ಕದ ಭಾಗ್ಯನಗರ ಕೂದಲ ಉದ್ಯಮಕ್ಕೇ ಹೆಸರಾದ ಊರು. ಅಲ್ಲಿ ಹೆಂಗಸರು ಗಂಟು ಬಿಡಿಸಿ, ಉದ್ದದ ಪ್ರಕಾರ ಜೋಡಿಸಿ ಕಟ್ಟು ಕಟ್ಟುತ್ತಾರೆ, ಅದು ವಿಗ್ ಆಗೋಕೆ ದೇಶ ದಾಟುತ್ತೆ. ಸಂಗನಾಳ ಇರೋದೂ ಅದೇ ಜಿಲ್ಲೆ. ಕೂದಲಿಗೆ ಮಡಿ ಮೈಲಿಗೆ ಇಲ್ಲ, ತೂಕ ಮಾತ್ರ. ತಲೆಗೆ ಇದೆ.

ಈಗ ಯಂತ್ರದ ಕಥೆ.

ಕೂದಲ ಬೇರಿನಲ್ಲಿರೋ ಜೀವಕೋಶಗಳು ನಮ್ಮ ಮೈಯಲ್ಲೇ ಅತಿ ಬೇಗ ಒಡೆದು ಬೆಳೆಯುವ ಕೋಶಗಳಲ್ಲಿ ಸೇರಿವೆ. ತಲೆಯ ಹತ್ತರಲ್ಲಿ ಒಂಬತ್ತು ಕೂದಲು ಯಾವಾಗಲೂ ಬೆಳೀತಾನೇ ಇರುತ್ತವೆ. ಕಿಮೋ ಔಷಧಿ ಕ್ಯಾನ್ಸರನ್ನ ಗುರುತಿಸೋದೂ ಅದರ ಬೆಳವಣಿಗೆಯ ವೇಗದಿಂದಲೇ. ಅದಕ್ಕೆ ಸ್ನೇಹಿತ ಯಾರು ಶತ್ರು ಯಾರು ಗೊತ್ತಾಗಲ್ಲ. ವೇಗವಾಗಿ ಬೆಳೆಯೋ ಎಲ್ಲದಕ್ಕೂ ಹೊಡೆಯುತ್ತೆ. ಮೊದಲ ಡೋಸ್ ಆಗಿ ಎರಡು ಮೂರು ವಾರಕ್ಕೆ ಕೂದಲು ದಿಂಬಿನ ಮೇಲೆ.

ತಲೆಚರ್ಮಕ್ಕೆ ಆ ಹೊತ್ತಲ್ಲಿ ರಕ್ತ ಕಡಿಮೆ ಹೋದರೆ ಔಷಧಿಯೂ ಕಡಿಮೆ ಹೋಗುತ್ತಲ್ಲ, ಅನ್ನೋದು ಮೂಲ ಯೋಚನೆ. ಮೊದಲು ಹಣೆ ಸುತ್ತ ಬಿಗಿಯಾದ ಪಟ್ಟಿ ಕಟ್ಟಿ ನೋಡಿದರು. ಆಮೇಲೆ 1970ರ ದಶಕದಲ್ಲಿ ತಂಪಿಗೆ ಬಂದರು. ತಂಪಾದರೆ ರಕ್ತನಾಳ ಕುಗ್ಗುತ್ತೆ, ಬೇರಿನ ಕೋಶಗಳೂ ಮಂದವಾಗಿ ಔಷಧಿ ಹೀರೋದು ಕಡಿಮೆ ಮಾಡ್ತವೆ. ಮೊದಮೊದಲು ಯಂತ್ರ ಗಿಂತ್ರ ಏನಿಲ್ಲ. ಐಸ್ ಪುಡಿ ಮಾಡಿ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ರುಮಾಲಿನ ಹಾಗೆ ತಲೆಗೆ ಕಟ್ಟೋದು. 1979ರಲ್ಲಿ ಅಮೆರಿಕದ ಅರಿಜೋನಾದ ವೈದ್ಯರು, ಡಾಕ್ಸೊರೂಬಿಸಿನ್ ಪಡೆಯೋರ ತಲೆ ತಂಪು ಮಾಡಿದರೆ ಕೂದಲು ಉಳಿಸಬಹುದು ಅಂತ ದೊಡ್ಡ ವೈದ್ಯಪತ್ರಿಕೆಯಲ್ಲಿ ಬರೆದರು. ಡಾಕ್ಸೊರೂಬಿಸಿನ್ ಅಂದ್ರೆ ವಾರ್ಡುಗಳಲ್ಲಿ 'ಕೆಂಪು ಔಷಧಿ' ಅಂತಾರಲ್ಲ, ಅದು. ಇಟಲಿಯ ಒಂದು ಕೋಟೆಯ ಹತ್ತಿರದ ಮಣ್ಣಿನ ಸೂಕ್ಷ್ಮಜೀವಿಯಿಂದ ಬಂದದ್ದು. ನರದಲ್ಲಿ ಇಳೀತಿದ್ರೆ ರೂಹಾಫ್ಜಾ ಥರ ಕಾಣುತ್ತೆ.

ಆದರೆ 1990ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ಟೋಪಿಗಳ ಮಾರಾಟ ನಿಲ್ಲಿಸಿತು. ಕೇಳಿದ ಪ್ರಶ್ನೆ ಸರಿಯಾದದ್ದೇ. ತಲೆಚರ್ಮಕ್ಕೆ ಔಷಧಿ ಹೋಗದಂತೆ ಮಾಡಿದ್ರೆ, ಅಲ್ಲೇ ಎಲ್ಲಾದರೂ ಕ್ಯಾನ್ಸರ್ ಕೋಶ ಅಡಗಿ ಕೂತಿದ್ರೆ? ತಯಾರಕರ ಹತ್ರ ಉತ್ತರ ಇರಲಿಲ್ಲ. ಯುರೋಪಿನಲ್ಲಿ ಬಳಕೆ ಮುಂದುವರೀತು, ಅಮೆರಿಕದಲ್ಲಿ ಕಾಲು ಶತಮಾನ ನಿಂತೇಹೋಯ್ತು.

ನಡುವೆ ಒಂದು ಮನೆಯ ಕಥೆ ಬರುತ್ತೆ. ಇಂಗ್ಲೆಂಡಿನ ಹಡರ್ಸ್‌ಫೀಲ್ಡ್ ಅನ್ನೋ ಊರಲ್ಲಿ ಪ್ಯಾಕ್ಸ್‌ಮನ್ ಅನ್ನೋ ಮನೆತನ. ಕಸುಬು ಬಿಯರ್ ತಂಪು ಮಾಡೋ ಯಂತ್ರ ತಯಾರಿಸೋದು. ಗ್ಲೆನ್ ಪ್ಯಾಕ್ಸ್‌ಮನ್ ಅವರ ಹೆಂಡತಿ ಸ್ಯೂಗೆ ಸ್ತನ ಕ್ಯಾನ್ಸರ್ ಬಂತು. ಆಗಿನ ಕಾಲದ ಟೋಪಿ ಹಾಕಿ ನೋಡಿದರು, ಉಪಯೋಗ ಆಗಲಿಲ್ಲ, ಕೂದಲು ಪೂರ್ತಿ ಹೋಯ್ತು. ಆ ಟೋಪಿ ಒಂದೇ ಸಮ ತಂಪಾಗಿರಲ್ಲ, ಬಿಸಿಯಾಗ್ತಾ ಹೋಗುತ್ತೆ ಅನ್ನೋದು ಬಿಯರ್ ತಂಪು ಮಾಡೋರಿಗೆ ಗೊತ್ತಾಗದೆ ಇರುತ್ತಾ? ತಂಪು ದ್ರವ ಸದಾ ಹರೀತಾ ಇರೋ ಟೋಪಿ ಮಾಡಿದರು. 1997ರಲ್ಲಿ ಅದೇ ಊರಿನ ಆಸ್ಪತ್ರೆಯಲ್ಲಿ ಮೊದಲ ಯಂತ್ರ ಕೂತಿತು. ಸ್ಯೂ 2000ದಲ್ಲಿ ತೀರಿಕೊಂಡರು. ಈ ಕಥೆ ಹೇಳಿದಾಗ ಅಕ್ಕ ಸುಮಾರು ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, "ಅವ್ನು ಕೂದ್ಲು ಬರುತ್ತೆ ಬುಡು ಅಂತ ಅನ್ಲಿಲ್ಲ ನೋಡು" ಅಂದ್ಲು. ನನಗೆ ಇನ್ನೊಂದು ಏಟು.

2015ರ ಡಿಸೆಂಬರಿನಲ್ಲಿ ಅಮೆರಿಕ ಮತ್ತೆ ಬಾಗಿಲು ತೆರೀತು, ಸ್ವೀಡನ್ನಿನ ಡಿಗ್ನಿಕ್ಯಾಪ್ ಯಂತ್ರಕ್ಕೆ ಒಪ್ಪಿಗೆ ಕೊಟ್ಟು. 2017ರಲ್ಲಿ ಪ್ಯಾಕ್ಸ್‌ಮನ್ ಯಂತ್ರಕ್ಕೂ ಸಿಕ್ಕಿತು. ಅದೇ ವರ್ಷ ಫೆಬ್ರವರಿಯಲ್ಲಿ ಎರಡು ಅಧ್ಯಯನ ಒಟ್ಟಿಗೆ ಪ್ರಕಟವಾದವು. ಒಂದರಲ್ಲಿ ಟೋಪಿ ಹಾಕಿದ 95 ಜನರಲ್ಲಿ 48 ಜನರಿಗೆ ಅರ್ಧಕ್ಕಿಂತ ಹೆಚ್ಚು ಕೂದಲು ಉಳೀತು. ಟೋಪಿ ಹಾಕದ 47 ಜನರಲ್ಲಿ ಒಬ್ಬರಿಗೂ ಉಳೀಲಿಲ್ಲ. ಇನ್ನೊಂದರಲ್ಲಿ 101ರಲ್ಲಿ 67 ಜನರಿಗೆ ಉಳೀತು. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು ನಮ್ಮ ದೇಶದ ಹೆಂಗಸರ ಮೇಲೇ ನೋಡಿ 2020ರಲ್ಲಿ ಬರೆದಿದ್ದಾರೆ. ಸುಮಾರು ಐವತ್ತು ಜನರ ಅಧ್ಯಯನ, ಅಲ್ಲೂ ಅರ್ಧಕ್ಕಿಂತ ತುಸು ಹೆಚ್ಚು ಜನರಿಗೆ ಉಳಿದಿದೆ. ಇನ್ನು ತಲೆಚರ್ಮದಲ್ಲಿ ಕ್ಯಾನ್ಸರ್ ಮರಳುತ್ತಾ ಅನ್ನೋ ಭಯ. ಸ್ತನ ಕ್ಯಾನ್ಸರಿನವರಲ್ಲಿ ಟೋಪಿ ಹಾಕಿದವರಿಗೂ ಹಾಕದವರಿಗೂ ಅದು ನೂರಕ್ಕೆ ಒಂದಕ್ಕಿಂತ ಕಡಿಮೆ, ಎರಡೂ ಕಡೆ ಹೆಚ್ಚೂಕಮ್ಮಿ ಒಂದೇ. ಆದರೆ ರಕ್ತದ ಕ್ಯಾನ್ಸರಿನವರಿಗೆ ಇದು ಕೊಡೋ ಹಾಗಿಲ್ಲ. ತಂಪಿಗೆ ರಕ್ತ ಹೆಪ್ಪುಗಟ್ಟೋ ಥರದ ಕೆಲವು ಕಾಯಿಲೆ ಇದ್ದೋರಿಗೂ ಇಲ್ಲ.

ಇಲ್ಲೂ ಒಂದು ಬಣ್ಣದ ಗೆರೆ ಇದೆ. ಅಮೆರಿಕದ ಆ ಅಧ್ಯಯನಗಳಲ್ಲಿ ಇದ್ದವರು ಬಹುಪಾಲು ಬಿಳಿಯ ಹೆಂಗಸರು. ಆಮೇಲೆ ಕಪ್ಪು ಮಹಿಳೆಯರ ಮೇಲೇ ಮಾಡಿದ ಒಂದು ಸಣ್ಣ ಅಧ್ಯಯನವನ್ನ ಫಲ ಕಾಣದೆ ನಡುವೆಯೇ ನಿಲ್ಲಿಸಬೇಕಾಯ್ತು. ದಟ್ಟ ಗುಂಗುರು ಕೂದಲಿನ ಮೇಲೆ ಆ ಟೋಪಿ ಚರ್ಮಕ್ಕೆ ಅಂಟಿ ಕೂರಲ್ಲ. ಟೋಪಿ ಎಲ್ಲಿ ಚರ್ಮಕ್ಕೆ ತಾಗಲ್ವೋ ಅಲ್ಲಿ ಕೂದಲು ಉದುರುತ್ತೆ, ತೇಪೆ ತೇಪೆಯಾಗಿ. ಯಾರ ತಲೆ ಅಳತೆ ತಗೊಂಡು ಟೋಪಿ ಹೊಲಿದರು ಅನ್ನೋ ಪ್ರಶ್ನೆ ಕಪ್ಪು ಸೋದರಿಯರು ಕೇಳ್ತಿದ್ದಾರೆ, ಕೂದಲನ್ನ ಬೇರೆ ರೀತಿ ಸಿಕ್ಕು ಬಿಡಿಸಿ ಹೊಂದಿಸೋ ದಾರಿ ಹುಡುಕ್ತಿದ್ದಾರೆ.

ಇಷ್ಟು ತಿಳ್ಕೊಂಡು ಅಕ್ಕ ಮತ್ತೆ ಆ ಡಾಕ್ಟರ ಹತ್ರ ಹೋದ್ಲು. ಒಂದು ನೋಟ್‌ಬುಕ್ಕು, ಹಾಸ್ಟೆಲಿನ ಸಾಮಾನು ಬರೆಯೋ ನೋಟ್‌ಬುಕ್ಕು, ಅದರಲ್ಲಿ ಅವಳೇ ಬರೆದ ಪ್ರಶ್ನೆಗಳು. ನನಗೆ ಬಾಯಿ ಬಿಡಬಾರದು ಅಂತ ಕಟ್ಟಪ್ಪಣೆ. ನನಗೆ ಕೊಡೋ ಔಷಧಿ ಯಾವುದು? ಅದಕ್ಕೆ ಈ ಟೋಪಿ ಎಷ್ಟು ಕೆಲಸ ಮಾಡುತ್ತೆ? ನನ್ನ ಕೂದ್ಲು ದಪ್ಪ, ಟೋಪಿ ಕೂರುತ್ತಾ? ಎಷ್ಟು ಹೊತ್ತು? ಎಷ್ಟು ದುಡ್ಡು? ಉದುರಿದ್ರೆ ದುಡ್ಡು ವಾಪಸ್ಸಾ? ಕೊನೇ ಪ್ರಶ್ನೆಗೆ ಡಾಕ್ಟರಿಗೂ ನಗು ಬಂತು. ಅವತ್ತು ಅವರು ಇಪ್ಪತ್ತು ನಿಮಿಷ ಕೂತು ಹೇಳಿದ್ರು, ಅದನ್ನೂ ಬರೀಬೇಕು.

ಅಕ್ಕನಿಗೆ ಬರೆದಿದ್ದು ಡೋಸಿಟ್ಯಾಕ್ಸೆಲ್ ಮತ್ತು ಸೈಕ್ಲೋಫಾಸ್ಫಮೈಡ್. ಮೂರು ವಾರಕ್ಕೊಂದು, ಒಟ್ಟು ನಾಲ್ಕು. ಕೆಂಪು ಔಷಧಿ ಇಲ್ಲ. ಟೋಪಿ ಕೆಂಪು ಔಷಧಿಗೆ ಕಡಿಮೆ ಕೆಲಸ ಮಾಡುತ್ತೆ, ಡೋಸಿಟ್ಯಾಕ್ಸೆಲ್ ಗುಂಪಿಗೆ ಹೆಚ್ಚು. 101ರಲ್ಲಿ 67 ಅಂದೆನಲ್ಲ, ಆ ಅಧ್ಯಯನದಲ್ಲಿ ಬಹಳಷ್ಟು ಜನ ಪಡೆದದ್ದು ಅಕ್ಕನ ಔಷಧಿಯನ್ನೇ. ಬೆಂಚಿನ ಮೇಲೆ ಸಿಕ್ಕಿದ ಆ ಹೆಂಗಸಿಗೆ ಬರೆದಿದ್ದು ಕೆಂಪು ಔಷಧಿ. ಅಂದ್ರೆ ಉಪಯೋಗ ಕಡಿಮೆ ಇರೋರಿಗೆ ಹೇಳಿದ್ರು, ಹೆಚ್ಚು ಇರೋರಿಗೆ ಹೇಳಲಿಲ್ಲ! ಇದನ್ನ ಲೆಕ್ಕ ಹಾಕಿ ಹೇಳಿದ್ದೂ ಅಕ್ಕನೇ.

ಇನ್ನೂ ಒಂದಿದೆ. ಡೋಸಿಟ್ಯಾಕ್ಸೆಲ್ ಪಡೆದ ಕೆಲವರಿಗೆ, ಕೆಲವೇ ಜನರಿಗೆ, ಕೂದಲು ಮೊದಲಿನ ಹಾಗೆ ಮರಳಿ ಬರೋದೇ ಇಲ್ಲ. ಬಹುಪಾಲು ಜನರಿಗೆ ಮೂರರಿಂದ ಆರು ತಿಂಗಳಲ್ಲಿ ಬರುತ್ತೆ, ಕೆಲವೊಮ್ಮೆ ಗುಂಗುರಾಗಿ ಬರುತ್ತೆ. ಆದರೆ ನಾನು ಬಸ್ಸಲ್ಲಿ ಅಷ್ಟು ಧೈರ್ಯವಾಗಿ "ಬರುತ್ತೆ ಬುಡು" ಅಂದೆನಲ್ಲ, ಅದು ಪೂರ್ತಿ ನಿಜ ಆಗಿರಲಿಲ್ಲ.

ದುಡ್ಡು. ಒಂದು ಸಲಕ್ಕೆ ಅಕ್ಕನ ಒಂದು ತಿಂಗಳ ಸಂಬಳಕ್ಕೆ ಹತ್ತಿರ. ಕಿಮೋ ಕಾರ್ಡಲ್ಲಿ ಆಗುತ್ತೆ, ಟೋಪಿಗೆ ಕೈಯಿಂದ. ನಾನು ಸ್ನೇಹಿತರ ಹತ್ರ ಕೇಳ್ತೀನಿ ಅಂದೆ. ಬೇಡ ಅಂದ್ಲು. ಅವಳದ್ದೊಂದು ಚೀಟಿ ಇತ್ತು, ಕಿವಿಗೆ ಓಲೆ ಮಾಡಿಸ್ಬೇಕು ಅಂತ ಹಾಕಿದ್ದು. "ಕಿವಿಗೆ ಅಂತ ಇಟ್ಟಿದ್ದು, ತಲೆಗೆ ಹೋಗ್ಲಿ. ಒಂದ್ ಗೇಣು ಮೇಲೆ ತಾನೆ" ಅಂದ್ಲು. ಎರಡು ಡೋಸ್ ನೋಡೋದು, ಅರ್ಧಕ್ಕಿಂತ ಹೆಚ್ಚು ಉದುರಿದ್ರೆ ನಿಲ್ಲಿಸೋದು, ಮಿಕ್ಕ ದುಡ್ಡು ವಾಪಸ್ ಚೀಟಿಗೆ. ಬಾವನಿಗೆ ಇಷ್ಟ ಇರಲಿಲ್ಲ. ಓಲೆ ಆದ್ರೆ ಆಪತ್ತಿಗೆ ಅಡ ಇಡಬಹುದು, ಕೂದಲು ಯಾರು ಅಡ ಇಟ್ಕೊಳ್ತಾರೆ ಅಂದ್ರು. ಅವರದ್ದೂ ತಪ್ಪು ಮಾತಲ್ಲ. ಆದರೆ ಅಕ್ಕನ ಲೆಕ್ಕ ಬೇರೆ ಇತ್ತು. ಹೊರಗುತ್ತಿಗೆಯವಳಿಗೆ ಕ್ಯಾನ್ಸರ್ ಅಂತ ಗೊತ್ತಾದ್ರೆ ನಾಳೆಯಿಂದ ಬರಬೇಡ ಅನ್ನೋಕೆ ಒಂದು ಫೋನ್ ಕಾಲ್ ಸಾಕು. ಕಾಯಿಲೆ ರಜಾ ಅಂತ ಹೇಳಿದ್ದಾಳೆ, ಯಾವ ಕಾಯಿಲೆ ಅಂತ ಹೇಳಿಲ್ಲ. ಕೂದಲಿದ್ರೆ ಹೇಳೋದು ಬಿಡೋದು ಅವಳ ಕೈಯಲ್ಲಿ. ಬೋಳಾದ್ರೆ ತಲೆಯೇ ಹೇಳಿಬಿಡುತ್ತೆ.

ಮೊದಲ ಡೋಸಿನ ದಿನ ನಾನು ಜೊತೆಗಿದ್ದೆ. ನರ್ಸಮ್ಮ ಬಂದು ಜಡೆ ಬಿಚ್ಚಿ, ಕೂದಲಿಗೆ ನೀರು ಚಿಮುಕಿಸಿ, ಕಂಡೀಷನರ್ ಸವರಿ, ಬೈತಲೆ ತೆಗೆದು ಹಿಂದಕ್ಕೆ ಬಾಚಿದ್ರು. ಆಮೇಲೆ ಸಿಲಿಕೋನ್ ಟೋಪಿ, ಅದರ ಮೇಲೆ ಇನ್ನೊಂದು, ಗದ್ದಕ್ಕೆ ಪಟ್ಟಿ. ಎಲ್ಲಾದ್ರೂ ಗಾಳಿ ಉಳೀತಾ ಅಂತ ಬೆರಳಲ್ಲಿ ಒತ್ತಿ ಒತ್ತಿ ನೋಡಿದ್ರು. ಔಷಧಿಗೆ ಅರ್ಧ ಗಂಟೆ ಮೊದಲೇ ಯಂತ್ರ ಶುರು. ತಲೆಚರ್ಮ ಇಪ್ಪತ್ತು ಡಿಗ್ರಿ ಆಸುಪಾಸಿಗೆ ಇಳೀಬೇಕು. ಮೊದಲ ಹತ್ತು ನಿಮಿಷ ನರಕ. ಹಣೆ ಸೀಳಿದ ಹಾಗೆ ನೋವು, ಅಕ್ಕ ನನ್ನ ಕೈ ಹಿಂಡಿದ್ದಕ್ಕೆ ಬೆರಳು ಕೆಂಪಾದವು. ತೆಗೆದುಬಿಡೋಣ್ವಾ ಅಂದೆ. ತಲೆ ಅಲ್ಲಾಡಿಸೋ ಹಾಗಿಲ್ಲ, ಕಣ್ಣಲ್ಲೇ ಬೇಡ ಅಂದ್ಲು. ಆಮೇಲೆ ಮರಗಟ್ಟಿತು. ಎರಡು ಕಂಬಳಿ ಹೊದ್ದು ಕೂತ್ಲು. ಔಷಧಿ ಮುಗಿದ ಮೇಲೂ ಒಂದೂವರೆ ಗಂಟೆ ಟೋಪಿ ತೆಗೆಯೋ ಹಾಗಿಲ್ಲ. ಬೇರೆಯವರೆಲ್ಲ ಮನೆಗೆ ಹೋದ್ರು, ಇವಳೊಬ್ಬಳೇ. "ಹಿಮಾಲಯ ನೋಡ್ದಂಗಾಯ್ತು" ಅಂದ್ಲು, ತುಟಿ ನಡುಗ್ತಾ.

ಬಸ್ಸಲ್ಲಿ ಬರ್ತಾ ಅವಳು ಹೇಳಿದ್ದು ತಂಪಿನ ವಿಷಯ ಅಲ್ಲ. "ಆವಮ್ಮ ಎಷ್ಟು ಚೆನ್ನಾಗಿ ತಲೆ ಬಾಚಿದ್ಲು ಅಲ್ವಾ. ಅವ್ವ ಸತ್ತ ಮೇಲೆ ಯಾರೂ ನನ್ ತಲೆ ಬಾಚಿರ್ಲಿಲ್ಲ." ಆ ನರ್ಸಮ್ಮನ ಜಾತಿ ಯಾವುದೋ ನನಗೆ ಗೊತ್ತಿಲ್ಲ. ಕೇಳಬೇಕು ಅಂತಲೂ ಅನ್ನಿಸಲಿಲ್ಲ. ನನ್ನಂಥವನಿಗೆ ಅದೇ ಒಂದು ಆಶ್ಚರ್ಯ.

ಅವತ್ತಿಗೆ ಇವತ್ತಿಗೆ ಹದಿನೇಳು ದಿನ. ದೊಡ್ಡ ಹಲ್ಲಿನ ಬಾಚಣಿಗೆ ತಂದಿದ್ದಾಳೆ, ಸೀಗೆಕಾಯಿ ಬಂದ್, ಬಿಸಿನೀರು ಬಂದ್, ಜಡೆ ಬಿಗಿಯಾಗಿ ಹೆಣೆಯೋ ಹಾಗಿಲ್ಲ. ದಿನಾ ಬೆಳಿಗ್ಗೆ ದಿಂಬು ನೋಡ್ತಾಳೆ, ನನಗೆ ಫೋನ್ ಮಾಡ್ತಾಳೆ. ಮೊನ್ನೆ ಹದಿನೈದು ಎಳೆ. ನಿನ್ನೆ ಇಪ್ಪತ್ತೆರಡು. ಇವತ್ತು ಸ್ವಲ್ಪ ಜಾಸ್ತಿ, ಎಣಿಸ್ಲಿಲ್ಲ ಅಂದ್ಲು. ಎರಡನೇ ಡೋಸು ಬರೋ ಬುಧವಾರ. ಅಷ್ಟರಲ್ಲಿ ಕಾರ್ಡಿನ ಪಟ್ಟಿಯಲ್ಲಿ ಇದನ್ನ ಸೇರಿಸಿ ಅಂತ ಒಂದು ಮನವಿ ಬರೀತಿದ್ದೀನಿ, ಕನಿಷ್ಠ ಎಲ್ಲ ರೋಗಿಗಳಿಗೂ ಇಂಥದ್ದೊಂದು ಇದೆ ಅಂತ ಹೇಳಲೇಬೇಕು ಅನ್ನೋ ಸುತ್ತೋಲೆಯಾದ್ರೂ ಹೊರಡಲಿ ಅಂತ. ಸಹಿ ಹಾಕೋರು ಇನ್‌ಬಾಕ್ಸಿಗೆ ಬನ್ನಿ. ನಿಮ್ಮ ಮನೆಯಲ್ಲಿ ಯಾರಾದ್ರೂ ಈ ಟೋಪಿ ಹಾಕಿಸಿಕೊಂಡಿದ್ರೆ, ಉಳಿದಿದ್ದರೂ ಸರಿ ಉದುರಿದ್ದರೂ ಸರಿ, ಹೇಗಿತ್ತು ಅಂತ ಬರೀರಿ. ಅಕ್ಕನಿಗೆ ಓದಿ ಹೇಳ್ತೀನಿ.

ಜೈ ಭೀಮ್.